ಗಂಟೆಗೆ ಮೂರು ಮೈಲಿ

ದೋಣಿಯ ಹೆಸರು ಮಾರ್ಜರಿ.
ಉದ್ದ ಐವತ್ತೇಳು ಅಡಿ,
ಅಗಲ ಏಳಡಿಗೆ ಎರಡಿಂಚು ಕಡಿಮೆ,
ನಾವು ಐವರು.
ಒಬ್ಬರು ಎದ್ದರೆ ಇನ್ನೊಬ್ಬರು ಕೂರಬೇಕು,
ಒಬ್ಬರು ಸೀನಿದರೆ
ನಾಲ್ವರೂ ಚಿರಂಜೀವಿಯಾಗೆನ್ನಬೇಕು.

ಬಾಡಿಗೆ ಕಟ್ಟೆಯ ಹುಡುಗ ಕಾಲು ಗಂಟೆಯಲ್ಲಿ ಕಲಿಸಿದ:
ಚುಕ್ಕಾಣಿ ಎಡಕ್ಕೆ ತಳ್ಳಿದರೆ ಮೂತಿ ಬಲಕ್ಕೆ,
ಬಲಕ್ಕೆ ತಳ್ಳಿದರೆ ಎಡಕ್ಕೆ.
"ಮದುವೆಯ ಹಾಗೆ" ಎಂದ ಡೆಸ್ಮಂಡ್.
ಮೂರು ಸಲ ಆದವನು,
ಯಾರೂ ಎದುರಾಡಲಿಲ್ಲ.

ಗಂಟೆಗೆ ಮೂರು ಮೈಲಿ.
ದಡದಲ್ಲಿ ನಾಯಿ ಹಿಡಿದ ಮುದುಕಿ
ನಮ್ಮನ್ನು ದಾಟಿ ಹೋದಳು.
ಮುಂದಿನ ಸೇತುವೆಯಡಿ ನಿಂತು, ಕಾದು,
ಸಂಜೆಗೆ ಮಳೆ ಎಂದು ತಿಳಿಸಿ
ಮತ್ತೆ ದಾಟಿ ಹೋದಳು.
ಬಾತುಕೋಳಿಗೂ ನಮಗಿಂತ ಅವಸರ.
ಹೆದ್ದಾರಿಯ ಸದ್ದು
ಮುಳ್ಳುಬೇಲಿಯಾಚೆ ಎಲ್ಲೋ,
ಯಾರದೋ ಮನೆಯ ಜ್ವರದ ಹಾಗೆ.

ಎಪ್ಪತ್ತೆರಡನೆಯ ಸೇತುವೆ.
ಕಮಾನಿನ ಕಲ್ಲಂಚಿಗೆ
ಬೆರಳು ಹೂಳುವಷ್ಟು ಆಳದ ಗೀರುಗಳು.
ಕುದುರೆ ಎಳೆದ ಹಗ್ಗ
ಮಳೆಗೆ ನೆಂದು, ಮರಳು ಕಚ್ಚಿ,
ಉಜ್ಜಿ ಉಜ್ಜಿ ಕೊರೆದದ್ದು.
"ಮುತ್ತಜ್ಜ ಇಲ್ಲಿ ಕಲ್ಲಿದ್ದಲು ಸಾಗಿಸಿದವನು,
ಇದರಲ್ಲೊಂದು ಕೂದಲೆಳೆ ಅವನದು"
ಎನ್ನುತ್ತ ಬ್ರಾನ್ವೆನ್ ಕೈಚಾಚಿ ಬೆರಳಿಟ್ಟಳು.
ಬೆರಳು ಅಲ್ಲೇ ಉಳಿಯಿತು.
ದೋಣಿ ಉಳಿಯಲಿಲ್ಲ.
ತೋಳು ಉದ್ದವಾಗುತ್ತ ಹೋಗಿ
ಕೊನೆಗೆ ಸೊಂಟ ಹಿಡಿದು ಎಳೆದುಕೊಂಡೆವು.

ಇನ್ನು ಥೆಲ್ಮಾ ಮತ್ತು ಮಾರಿಸ್.
ಅಕ್ಕಪಕ್ಕದ ಮನೆ, ಹನ್ನೊಂದು ವರ್ಷ ಮಾತಿಲ್ಲ.
ಬೇಲಿ ದಾಟಿದ ಸೇಬಿನ ಕೊಂಬೆಗೆ
ಅವನು ಗರಗಸ ಹಾಕಿದ್ದ,
ಆ ಮರ ನೆಟ್ಟವನು ತೀರಿಕೊಂಡ ವರ್ಷವೇ.
ಊಟದ ಮೇಜಿನಲ್ಲಿ
"ಉಪ್ಪು ಕೊಡಲು ಹೇಳು ಅವನಿಗೆ,"
"ತಗೊಳ್ಳಲು ಹೇಳು ಅವಳಿಗೆ."
ನಡುವೆ ಕೂತ ಬ್ರಾನ್ವೆನ್ ನಮ್ಮ ಅಂಚೆ ಕಚೇರಿ.

ಮೂರನೆಯ ದಿನ, ನೀರಿಗೆ ಕಟ್ಟಿದ ಮೆಟ್ಟಿಲು,
ಸಾಲು ಲಾಕ್‌ಗಳು.
ಡೆಸ್ಮಂಡನಿಗೆ ಮಂಡಿ ನೋವು,
ಬ್ರಾನ್ವೆನ್ ಒಲೆಯ ಮುಂದೆ.
ಬಾಗಿಲಿಗೆ ಎರಡು ರೆಕ್ಕೆ, ಎರಡು ದಡ,
ಉಳಿದವರು ಆ ಇಬ್ಬರೇ.

ಕವಾಟ ತೆರೆದರು, ನೀರು ಇಳಿಯಿತು.
ಚುಕ್ಕಾಣಿ ಹಿಡಿದು ನಾನೂ ಇಳಿದೆ
ಪಾಚಿಗೋಡೆಯ ಬಾವಿಯೊಳಕ್ಕೆ.
ಜರೀಗಿಡ, ತಣ್ಣನೆ ಕಬ್ಬಿಣದ ವಾಸನೆ.
ಮೊದಲು ಅವರ ಮುಖ ಹೋಯಿತು,
ಆಮೇಲೆ ಬೂಟು.
ಮೇಲೆ ಉದ್ದನೆಯ ಆಕಾಶದ ಪಟ್ಟಿ ಮಾತ್ರ.

ಎರಡೂ ಕಡೆ ನೀರು ಸಮವಾಗುವ ತನಕ
ಎಷ್ಟು ಬೆನ್ನು ಕೊಟ್ಟರೂ ಬಾಗಿಲು ಮಿಸುಕದು.
ಸಮವಾದರೆ ಮಗು ತಳ್ಳಿದರೂ ಸಾಕು.
ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ
ಭೌತಶಾಸ್ತ್ರ ಹೇಳಿಕೊಟ್ಟವಳು,
ನಾನು ಬೇರೇನೂ ಹೇಳುತ್ತಿಲ್ಲ.

"ಈಗ?" ಎಂದಿತು ಎಡದಡ.
"ಇನ್ನೂ ಇಲ್ಲ."
"ಈಗ?"
"ತಡಿ ಮಾರಾಯ್ತಿ, ಬೆನ್ನು ಹಿಡಿದುಕೊಂಡೀತು."
ಕಟ್ಟಿಗೆ ನರಳಿತು,
ಸಂದಿಯಲ್ಲಿ ಬೆಳಕಿನ ದಾರ,
ಆಮೇಲೆ ಹೊಲ, ಕುರಿ, ಇಡೀ ಸ್ಟಾಫರ್ಡ್‌ಶೈರ್.

ರಾತ್ರಿ ಗೂಟ ಹೊಡೆದು ದೋಣಿ ಕಟ್ಟಿದೆವು.
ಮುದುಕಿ ಹೇಳಿದ್ದ ಮಳೆ ಎರಡು ದಿನ ತಡವಾಗಿ ಬಂತು,
ಅದೂ ನಮ್ಮದೇ ವೇಗದಲ್ಲಿ.
ಉಪ್ಪು ಅಂದೂ ಬ್ರಾನ್ವೆನ್ ಮೂಲಕವೇ ಹೋಯಿತು.
ಆದರೆ ಉಳಿದ ಹದಿನಾಲ್ಕು ಲಾಕ್‌ಗೂ
ಅವರಿಬ್ಬರೇ ಇಳಿದರು,
ಯಾರೂ ಹೇಳಿರಲಿಲ್ಲ.

ಬೆಳಗ್ಗೆ ಹಂಸ ಬಂದು ಕಿಟಕಿ ಕುಟ್ಟುವುದು,
ಬಾಕಿ ವಸೂಲಿಗೆ ಬಂದವರಂತೆ.
ರೊಟ್ಟಿ ಪಡೆದು, ಕೃತಜ್ಞತೆಯಿಲ್ಲದೆ
ಬಿಳಿ ಬೆನ್ನು ತಿರುಗಿಸುವುದು.

ಏಳನೆಯ ದಿನ
ಕಟ್ಟೆಯ ಹುಡುಗ ಸಾಮಾನು ಎಣಿಸಿದ.
"ಕವಾಟದ ಒಂದು ಹಿಡಿಕೆ ಎಲ್ಲಿ?"
"ಇವನು" ಎಂದಳು ಥೆಲ್ಮಾ.
"ಇವಳು" ಎಂದ ಮಾರಿಸ್.
ನೀರಿಗೆ ಬೀಳಿಸಿದವನು ಡೆಸ್ಮಂಡ್,
ಮೋಡ ನೋಡುತ್ತಿದ್ದ.
ಇಬ್ಬರೂ ಬೈದಾಡುತ್ತಲೇ
ಅರ್ಧರ್ಧ ದುಡ್ಡು ತೆತ್ತರು.

ವಾರವಿಡೀ ಸಾಗಿದ ದೂರ
ಕಾರಿಗೆ ಮೂವತ್ತೈದು ನಿಮಿಷ.
ಮೊದಲ ತಿರುವಿನಲ್ಲಿ
ಸ್ಟಿಯರಿಂಗ್ ಬಲಕ್ಕೆ ತಿರುಗಿಸಿ
ಮೂತಿ ಎಡಕ್ಕೆ ಹೊರಳೀತೆಂದು
ಒಂದು ಗಳಿಗೆ ಕಾದೆ.